ಒಲೆ ತಟ್ಟುವವರ ಕಿವಿ

ನಮ್ಮನೆಯವರಿಗೆ ಊರು ಇಟ್ಟ ಹೆಸರು ಟಣ್ಣಪ್ಪ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದೆ, ಅದು ಕಾಗದಪತ್ರಕ್ಕಷ್ಟೇ. ನಾನು ಕರೆಯುವುದು "ರೀ" ಎಂದು, ಹಾಗಾಗಿ ಎರಡೂ ಹೆಸರುಗಳ ಗೊಡವೆ ನನಗಿಲ್ಲ. ಬೀದಿಯವರು ಮಾತ್ರ ನನ್ನನ್ನೂ ಬಿಡದೆ ಟಣ್ಣಕ್ಕ ಮಾಡಿದ್ದಾರೆ. ಗಂಡನ ಜೊತೆ ಇದೂ ಬಂತು ಎಂದು ಸುಮ್ಮನಿದ್ದೇನೆ.

ಅವರ ಕೆಲಸ ಒಲೆ ನೋಡುವುದು. ನಗಬೇಡಿ. ನಮ್ಮೂರಿನ ಚಳಿ ಎಂಥದ್ದೆಂದರೆ ಬೆಳಗ್ಗೆ ಬಕೆಟ್ಟಿನ ನೀರಿಗೆ ಕೈ ಹಾಕಿದರೆ ಬೆರಳು ನನ್ನದೋ ಪಕ್ಕದ ಮನೆಯವಳದ್ದೋ ಗೊತ್ತಾಗುವುದಿಲ್ಲ. ಅದಕ್ಕೇ ಪ್ರತಿ ಮನೆಯ ಮುಂದಿನ ಕೋಣೆಯಲ್ಲಿ ಎರಕದ ಕಬ್ಬಿಣದ ಒಂದು ಒಲೆ ಇರುತ್ತದೆ. ದಪ್ಪ ಪ್ಲೇಟುಗಳನ್ನು ಜೋಡಿಸಿದ ಸೊಂಟದೆತ್ತರದ ಪೆಟ್ಟಿಗೆ, ಮುಂದೆ ಬಾಗಿಲು, ಒಳಗೆ ಕಟ್ಟಿಗೆ ಉರಿಯುವ ಜಾಲರಿ, ಅದರ ಕೆಳಗೆ ಬೂದಿ ಬೀಳುವ ತಟ್ಟೆ, ಹಿಂದಿನಿಂದ ಛಾವಣಿಗೆ ಹೋಗುವ ಹೊಗೆ ಕೊಳವೆ. ಬಾಗಿಲು ಕಿಟಕಿ ಮುಚ್ಚಿಕೊಂಡು ಜನ ಅದರ ಪಕ್ಕದಲ್ಲೇ ಮಲಗುತ್ತಾರೆ. ಒಲೆಯ ಒಂದು ಪ್ಲೇಟು ಬಿರುಕು ಬಿಟ್ಟಿದ್ದರೂ ಸಾಕು, ಬೆಂಕಿ ಮಂಕಾದ ಹೊತ್ತಿನಲ್ಲಿ ಕೆಟ್ಟ ಗಾಳಿ ಅಲ್ಲಿಂದ ಕೋಣೆಗೆ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು.

ಚಳಿ ಶುರುವಾಗುವ ಮುಂಚೆ ನಮ್ಮನೆಯವರು ಮನೆಮನೆಗೆ ಹೋಗಿ ಒಲೆ ಬಿಚ್ಚುತ್ತಾರೆ, ಮಸಿ ಕೆರೆಯುತ್ತಾರೆ, ಆಮೇಲೆ ಒಂದು ಪುಟ್ಟ ಸುತ್ತಿಗೆಯಿಂದ ಒಂದೊಂದೇ ಪ್ಲೇಟನ್ನು ತಟ್ಟಿ ಕಿವಿಗೊಡುತ್ತಾರೆ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಒಡೆದದ್ದು ಡಬ್ ಎನ್ನುತ್ತದೆ. ಕಣ್ಣಿಗೆ ಕಾಣದ ಕೂದಲೆಳೆಯಂಥ ಬಿರುಕೂ ಕಿವಿಗೆ ಸಿಕ್ಕಿಬೀಳುತ್ತದೆ. ಎಲ್ಲಾ ಟಣ್ ಎಂದರೆ "ಸರಿಯಿದೆ" ಎಂದು ಹೇಳಿ ಹೊಗೆ ಕೊಳವೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಾರೆ. ಆ ಗೀಟು ಬೀಳದೆ ನಮ್ಮೂರಿನಲ್ಲಿ ಯಾರೂ ಕಡ್ಡಿ ಗೀರುವುದಿಲ್ಲ. ನಮ್ಮ ಮಾವನ ಕಾಲದಿಂದ ಬಂದ ಪದ್ಧತಿ ಅದು. ಸುತ್ತಿಗೆಯೂ ಮಾವನದ್ದೇ.

ಹೊರಡುವ ಮುಂಚೆ ಹೊಸ್ತಿಲಲ್ಲಿ ನಿಂತು ಒಂದು ಪಾಠ ಒಪ್ಪಿಸುತ್ತಾರೆ, ಅದೇ ಪಾಠ, ಇಪ್ಪತ್ತೆಂಟು ವರ್ಷದಿಂದ. ಬೂದಿ ಜಾಲರಿಗೆ ಮುಟ್ಟುವಷ್ಟು ಬೆಳೆಯಲು ಬಿಡಬೇಡಿ, ಕೆಳಗಿಂದ ಗಾಳಿ ಸಿಗದೆ ಜಾಲರಿ ಕಾದು ಡೊಂಕಾಗುತ್ತದೆ. ಹಸಿ ಕಟ್ಟಿಗೆ ತುರುಕಬೇಡಿ, ಕೊಳವೆಯಲ್ಲಿ ಅಂಟುಮಸಿ ಕಟ್ಟುತ್ತದೆ. ಬಣ್ಣ ಬಳಿದ ಹಳೇ ಬಾಗಿಲುಗಳನ್ನು ಸುಡಬೇಡಿ. ಬೂದಿ ಬಾಗಿಲು ತೆರೆದಿಟ್ಟು ಬೆಂಕಿಯನ್ನು ಕುಣಿಸಬೇಡಿ. ಮೊದಲ ದಿನ ಚಿಕ್ಕ ಬೆಂಕಿ ಸಾಕು, ಕಬ್ಬಿಣಕ್ಕೂ ಮೈ ಕಾಯಲು ಹೊತ್ತು ಬೇಕು. ಎಲ್ಲಕ್ಕಿಂತ ಮುಖ್ಯ, ಕಾದ ಕಬ್ಬಿಣಕ್ಕೆ ತಣ್ಣೀರು ತೋರಿಸಬೇಡಿ. ಕೇಳಿ ಕೇಳಿ ನನಗೂ ಬಾಯಿಪಾಠ. ಅವರು ಮನೆಯಲ್ಲಿಲ್ಲದಾಗ ಬಂದ ಗಿರಾಕಿಗಳಿಗೆ ನಾನೇ ಒಪ್ಪಿಸುತ್ತಿದ್ದೆ, ಅದೂ ಅವರಿಗಿಂತ ಗಟ್ಟಿಯಾಗಿ, ಕೈ ಆಡಿಸಿ.

ಮನೆಯಲ್ಲಿ ಇರುವುದು ಮೂವರು. ನಾವಿಬ್ಬರು, ಮತ್ತೆ ಅತ್ತೆ. ಅತ್ತೆಗೆ ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ಹದಿನೆಂಟು. ಅವರ ಮಂಚ ಮುಂದಿನ ಕೋಣೆಯಲ್ಲಿ, ಒಲೆಯಿಂದ ಎರಡು ಮಾರು ದೂರ. ಅತ್ತೆಗೂ ನನಗೂ ಚಳಿಗಾಲವಿಡೀ ಒಂದೇ ಜಗಳ, ಕಿಟಕಿಯದ್ದು. ಮಲಗುವಾಗ ಅವರು ತಲೆಯ ಹತ್ತಿರದ ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಡುತ್ತಿದ್ದರು. ನಾನು ಹೋಗಿ ಧಡ್ ಎಂದು ಹಾಕುತ್ತಿದ್ದೆ. ಕಟ್ಟಿಗೆ ಕಡಿದು ಒಟ್ಟಿದ್ದು ಬೀದಿಯನ್ನು ಬೆಚ್ಚಗಿಡಲಿಕ್ಕಾ ಎಂದು ಗೊಣಗುತ್ತಿದ್ದೆ. ಬೆಳಗ್ಗೆ ಎದ್ದರೆ ಅವರಿಗೆ ತಲೆಸುತ್ತು, ವಾಕರಿಕೆ. ವಯಸ್ಸು ಎಂದರು ಡಾಕ್ಟರು. ನಾಟಕ ಎಂದೆ ನಾನು, ಮನಸ್ಸಿನಲ್ಲಲ್ಲ, ಬಾಯಿಬಿಟ್ಟೇ. ನನಗೂ ಚಳಿಗಾಲದಲ್ಲಿ ತಲೆನೋವು ಬರುತ್ತಿತ್ತು, ನನ್ನದು ಮಾತ್ರ ನಿಜವಾದದ್ದು. ಅದಕ್ಕೆ ಕನ್ನಡಕ ಕೊಟ್ಟಿದ್ದರು.

ಈ ವರ್ಷ ಚಳಿ ಬೇಗ ಬಂತು. ಒಂದು ಮಧ್ಯಾಹ್ನ ನಮ್ಮನೆಯವರು ಶಿಶುವಿಹಾರದ ಒಲೆ ನೋಡಲು ಹೋದರು. ಹೋದ ಮೇಲೆ ನೋಡುತ್ತೇನೆ, ಸುತ್ತಿಗೆ ಜಗಲಿಯ ಮೇಲೇ ಇದೆ. ಇಷ್ಟು ವರ್ಷದಲ್ಲಿ ಊಟ ಮರೆತದ್ದುಂಟು, ಹೆಂಡತಿಯನ್ನು ಸಂತೆಯಲ್ಲಿ ಮರೆತು ಬಂದದ್ದೂ ಉಂಟು, ಸುತ್ತಿಗೆ ಮರೆತದ್ದಿಲ್ಲ. ಎತ್ತಿಕೊಂಡು ಓಡಿದೆ.

ಶಿಶುವಿಹಾರ ಎಂದರೆ ಉದ್ದನೆಯ ಒಂದೇ ಕೋಣೆ. ಗೋಡೆಯುದ್ದಕ್ಕೂ ಹನ್ನೊಂದು ಪುಟ್ಟ ಹಾಸಿಗೆ, ಒಳಗೆ ಹಾಕಿಕೊಳ್ಳುವ ಹನ್ನೊಂದು ಜೊತೆ ಚಪ್ಪಲಿ, ನಡುವೆ ಒಲೆ. ಮಕ್ಕಳು ಮನೆಗೆ ಹೋಗಿದ್ದವು. ಟೀಚರಮ್ಮ ಸೆರಗು ಹೊದ್ದು ನಡುಗುತ್ತ, ನಾಳೆ ಬೆಳಗ್ಗೆಯಿಂದಲೇ ಬೆಂಕಿ ಹಾಕಬೇಕು, ಮಕ್ಕಳಿಗೆ ಮೂಗು ಸೋರುತ್ತಿದೆ ಎನ್ನುತ್ತಿದ್ದರು. ನಮ್ಮನೆಯವರು ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡು ತಟ್ಟತೊಡಗಿದರು.

ಎಡಗಡೆ, ಟಣ್. ಬಲಗಡೆ, ಟಣ್. ಮೇಲೆ, ಟಣ್. ಹಿಂದಿನ ಪ್ಲೇಟು, ಡಬ್.

ಮಡಕೆ ತಟ್ಟಿದ ಹಾಗೆ ಕೇಳಿಸಿತು. ಪಾಪ, ಮಕ್ಕಳ ಒಲೆಗೇ ಹೀಗಾಯಿತಲ್ಲ ಎಂದುಕೊಂಡೆ. ಅವರು ಇನ್ನೊಮ್ಮೆ ಅಲ್ಲೇ ತಟ್ಟಿದರು. ಡಬ್. ತಲೆಯಾಡಿಸಿ ಎದ್ದರು, ಮಂಡಿಯ ಧೂಳು ಕೊಡವಿದರು, "ಸರಿಯಿದೆ" ಎಂದರು. ಸೀಮೆಸುಣ್ಣ ತೆಗೆದು ಕೊಳವೆಯ ಮೇಲೆ ಗೀಟು ಎಳೆದರು.

ತಮಾಷೆ ಮಾಡುತ್ತಿದ್ದಾರಾ ಎಂದು ಮುಖ ನೋಡಿದೆ. ತಮಾಷೆಯ ಮುಖವಲ್ಲ, ದಿನದ ಮುಖವೇ. ಟೀಚರಮ್ಮ ಕೈಮುಗಿದರು. ಅಲ್ಲೇ ಹೇಳಬೇಕಿತ್ತು. ಬಜಾರಿ ಎಂದು ಹೆಸರು ತೆಗೆದವಳು ನಾನು, ಕಟ್ಟಿಗೆ ಗಾಡಿಯವನನ್ನು ನಡುಬೀದಿಯಲ್ಲಿ ನಿಲ್ಲಿಸಿ ನೀರಿಳಿಸಿದವಳು. ಆ ಹೊತ್ತಿಗೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಊರ ಮುಂದೆ ಗಂಡನನ್ನು ಸುಳ್ಳು ಮಾಡುವುದು ಹೇಗೆ ಎಂದು ಯೋಚಿಸುತ್ತಿರುವಾಗಲೇ ನಾವು ಬೀದಿಗೆ ಬಂದಾಗಿತ್ತು.

ದಾರಿಯಲ್ಲಿ ಅವರ ಹಿಂದೆ ನಡೆಯುತ್ತ ಮೆಲ್ಲಗೆ "ರೀ" ಎಂದೆ. ತಿರುಗಲಿಲ್ಲ. ಮತ್ತೆ ಕರೆದೆ. ಇಲ್ಲ. ಆಗ ಒಂದೊಂದೇ ನೆನಪಾಯಿತು. ಯಾವ ಮಾತಿಗೂ "ಹೂಂ" ಎನ್ನುವುದು, ರೇಡಿಯೋ ಕಿವಿಗೆ ಒತ್ತಿ ಹಿಡಿಯುವುದು, ನಾನು ಮಾತಾಡುವಾಗ ಬಾಯಿಯನ್ನೇ ನೋಡುವುದು. ಅದನ್ನು ಪ್ರೀತಿ ಎಂದುಕೊಂಡಿದ್ದೆ, ದಡ್ಡಿ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದ ಮೇಲೆ ಯಾವ ಗಂಡನಿಗೆ ಹೆಂಡತಿಯ ಮಾತು ಕೇಳಿಸುತ್ತದೆ? ಹಾಗೆಂದುಕೊಂಡೇ ನಾನು ಮೋಸ ಹೋದದ್ದು.

ಮನೆಗೆ ಬಂದವಳೇ ಹಿತ್ತಲ ಕೊಟ್ಟಿಗೆಗೆ ಕರೆದೆ. ಅಲ್ಲಿ ಹಳೇ ಒಲೆಯ ಬಿಡಿಭಾಗಗಳ ರಾಶಿ. ಎರಡು ಪ್ಲೇಟು ಆರಿಸಿದೆ, ಒಂದು ಗಟ್ಟಿ, ಇನ್ನೊಂದು ಒಡೆದದ್ದು. ಬಿರುಕು ಕಾಣದ ಹಾಗೆ ಎರಡಕ್ಕೂ ಗೋಣಿತಾಟು ಹೊದಿಸಿ, ಅಂಚು ಮಾತ್ರ ಬಿಟ್ಟು, ದಾರದಲ್ಲಿ ತೂಗಿಹಾಕಿದೆ. ಯಾವುದು ಒಡೆದದ್ದು ಹೇಳಿ ಎಂದೆ. ಅವರಿಗೆ ಸಿಟ್ಟು ನೆತ್ತಿಗೇರಿತು. ಈ ಕೆಲಸ ನಾನು ಕಲಿಯುವಾಗ ನೀನು ಲಂಗ ಹಾಕ್ಕೊಂಡು ಕುಂಟಾಬಿಲ್ಲೆ ಆಡ್ತಿದ್ದೆ ಎಂದರು. ಆಡ್ತಿದ್ದೆ, ಈಗ ಹೇಳಿ ಎಂದೆ.

ಒಂದನ್ನು ತಟ್ಟಿದರು. ಇನ್ನೊಂದನ್ನು ತಟ್ಟಿದರು. ಮತ್ತೆ ಮೊದಲನೆಯದು. ಒಂದು ಟಣ್, ಒಂದು ಡಬ್, ನನ್ನ ಕಿವಿಗೆ ಹಗಲು ರಾತ್ರಿಯಷ್ಟು ವ್ಯತ್ಯಾಸ. ಅವರು ಬೆರಳ ತುದಿಯನ್ನು ಕಬ್ಬಿಣಕ್ಕೆ ತಾಗಿಸಿ ಕಣ್ಣು ಮುಚ್ಚಿದರು. ಹಣೆಯಲ್ಲಿ ಬೆವರು ಬಂತು, ಆ ಚಳಿಯಲ್ಲಿ. ಕೊನೆಗೆ ಗಟ್ಟಿಯಾದದ್ದನ್ನು ತೋರಿಸಿ "ಇದು ಒಡೆದಿದೆ" ಎಂದರು.

ನನ್ನ ಮುಖವೇ ಹೇಳಿತೇನೋ. ಅವರು ಕಟ್ಟಿಗೆ ರಾಶಿಯ ಮೇಲೆ ಕುಸಿದು ಕೂತರು.

"ಎಷ್ಟು ದಿನ ಆಯ್ತು?" ಎದುರಿಗೆ ಕೂತು ಕೇಳಿದೆ.

ಮೂರು ಬೆರಳು ಎತ್ತಿದರು.

"ಮೂರು ತಿಂಗಳಾ?"

"ಮೂರು ವರ್ಷ. ಮಾತು ಹತ್ತಿರದಿಂದ ಕೇಳ್ಸುತ್ತೆ. ಆ ಸದ್ದು ಕೇಳ್ಸಲ್ಲ. ಬೆರಳಿಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ ಕಣೇ."

ಮೂರು ಚಳಿಗಾಲ, ಐವತ್ತೆರಡು ಒಲೆ. ಒಡೆದದ್ದರ ಮೇಲೂ ಗೀಟು, ಗಟ್ಟಿಯದ್ದರ ಮೇಲೂ ಗೀಟು. ಈ ಮೂರು ವರ್ಷದಲ್ಲಿ ಊರಿನಲ್ಲಿ ಸತ್ತವರನ್ನೆಲ್ಲ ಮನಸ್ಸಿನಲ್ಲೇ ಎಣಿಸಿದೆ. ಒಬ್ಬೊಬ್ಬರಿಗೂ ಬೇರೆ ಕಾಯಿಲೆ ಇತ್ತೆಂದು ನೆನಪು ಮಾಡಿಕೊಂಡು, ದೇವರೇ, ಕೈಮುಗಿದೆ. ಯಾಕೆ ಹೇಳಲಿಲ್ಲ ಎಂದು ಬೈಯಲು ಬಾಯಿ ತೆರೆದೆ. ಆಗಲೇ ಇನ್ನೊಂದು ನೆನಪು ಬಂದು ಬಾಯಿ ತಾನಾಗಿ ಮುಚ್ಚಿತು.

ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಮೂರು ವರ್ಷದ ಹಿಂದೆ, ಚಳಿಯ ಮೊದಲ ವಾರ, ಅತ್ತೆಯ ಸ್ನಾನಕ್ಕೆಂದು ತಣ್ಣೀರಿನ ಪಾತ್ರೆಯನ್ನು ಒಲೆಯ ಮೇಲೆ ಇಡಲು ಹೋದೆ. ಅವಸರ. ಹಿಡಿ ಜಾರಿತು. ಅರ್ಧ ಪಾತ್ರೆ ನೀರು ಕೆಂಪಗೆ ಕಾದಿದ್ದ ಹಿಂದಿನ ಪ್ಲೇಟಿನ ಮೇಲೆ ಸುರಿಯಿತು. ಭುಸ್ಸೆಂದು ಆವಿ ಎದ್ದಿತು, ಒಳಗೆ ಏನೋ ಚಟ್ ಎಂದಿತು. ಊರಿಗೆಲ್ಲ ಪಾಠ ಹೇಳುವವಳು ನಾನು. ಹೇಳುವುದು ಆಚಾರ, ಮಾಡುವುದು ಅನಾಚಾರ. ಗಡಿಬಿಡಿಯಲ್ಲಿ ಒರೆಸಿ, ಒಲೆ ತಣ್ಣಗಾದ ಮೇಲೆ ಕಪ್ಪು ಸವರಿ, ಮಾರನೆಯ ದಿನ ಅವರಿಗೆ, ಒಲೆ ಯಾಕೋ ಹೊಗೆ ಬಿಟ್ಟ ಹಾಗಾಯಿತು, ಒಂದು ಸಲ ನೋಡಿ ಎಂದಷ್ಟೇ ಹೇಳಿದೆ. ಅವರು ಎಲ್ಲಾ ಪ್ಲೇಟು ತಟ್ಟುವಾಗ ನಾನು ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆ ಸದ್ದು ಮಾಡುತ್ತ ಕೂತಿದ್ದೆ, ಆ ಡಬ್ ಕೇಳುವ ಧೈರ್ಯ ನನಗಿರಲಿಲ್ಲ. ಅವರು ಒಳಗೆ ಬಂದು "ಸರಿಯಿದೆ" ಎಂದರು. ಬದುಕಿದೆ ಬಡಜೀವವೇ ಎಂದುಕೊಂಡೆ. ಆಮೇಲೆ ಮನೆಯ ಒಲೆಯನ್ನು ಪ್ರತಿ ವರ್ಷ ನಾನು ಇಲ್ಲದಾಗಲೇ ತಟ್ಟಿ ಗೀಟು ಎಳೆಯುತ್ತಿದ್ದರು.

ಮೂರು ವರ್ಷದ ಹಿಂದೆ. ಅಂದರೆ ಆಗಲೂ ಅವರಿಗೆ ಕೇಳಿಸಿರಲಿಲ್ಲ.

ಮುಂದಿನ ಕೋಣೆಯಲ್ಲಿ ಅತ್ತೆ ಕೆಮ್ಮಿದ್ದು ಕೇಳಿತು. ಹೇಳಬೇಕಿತ್ತು, ಹೇಳಲಿಲ್ಲ. ಈ ಗಂಡಸು ಇವತ್ತಿಗೆ ಇಷ್ಟು ತಡೆದುಕೊಂಡದ್ದೇ ಹೆಚ್ಚು ಎಂದು ನೆಪ ಹೇಳಿಕೊಂಡೆ. ಆವತ್ತು ಒಲೆ ಹಚ್ಚಲಿಲ್ಲ. ಕಟ್ಟಿಗೆ ಹಸಿಯಿದೆ ಎಂದು ಅತ್ತೆಗೆ ಸುಳ್ಳು ಹೇಳಿ ಮೂರು ಕಂಬಳಿ ಹೊದಿಸಿದೆ.

ಮಾರನೆಯ ಬೆಳಗ್ಗೆ ಏಳು ಗಂಟೆಗೇ ಹೊರಟೆವು. ಶಿಶುವಿಹಾರಕ್ಕೆ ಹಿಂದಿನ ಸಂಜೆಯೇ ಬೀಗ ಬಿದ್ದಿತ್ತು, ತೆರೆಯುವುದು ಎಂಟಕ್ಕೆ, ಬೆಂಕಿ ಹಾಕುವ ಮುಂಚೆ ತಲುಪಬೇಕಿತ್ತು. ಬೀದಿ ತಿರುವಿಗೆ ಬಂದಾಗ ನಮ್ಮನೆಯವರು ನಿಂತುಬಿಟ್ಟರು. ಶಿಶುವಿಹಾರದ ಹೊಗೆ ಕೊಳವೆಯಿಂದ ಆಗಲೇ ಹೊಗೆ ಏಳುತ್ತಿತ್ತು. ಚಳಿ ಹೆಚ್ಚಿತ್ತೆಂದು ಟೀಚರಮ್ಮ ಬೇಗ ಬಂದು, ಗೀಟು ನೋಡಿ, ಧೈರ್ಯವಾಗಿ ಬೆಂಕಿ ಹಾಕಿಸಿದ್ದರು. ಐವತ್ತೇಳರ ಆ ಮನುಷ್ಯ ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಬೆಚ್ಚಗಿದೆಯೆಂದು ಏಳು ಮಕ್ಕಳು ಆಗಲೇ ಒಳಗೆ ಬಂದಿದ್ದವು, ಎಲ್ಲಾ ಒಲೆಯ ಸುತ್ತ, ಅಂಗೈ ಚಾಚಿಕೊಂಡು. ನಾವಿಬ್ಬರೂ ಮಾತಿಲ್ಲದೆ ಕಿಟಕಿ ತೆರೆದೆವು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಅಂಗಳಕ್ಕೆ ಸಾಗಿಸಿದೆವು. ಒಂದು ಹುಡುಗಿ ನನ್ನ ಕೈ ಕಚ್ಚಿದಳು. ಇವರಿಗೆ ಹುಚ್ಚು ಹಿಡಿದಿದೆಯಾ ಎನ್ನುವ ಹಾಗೆ ಟೀಚರಮ್ಮನಿಗೆ ಗಾಬರಿ. ಆಗ ನಮ್ಮನೆಯವರು ಹೊಗೆ ಕೊಳವೆಯ ಮುಂದೆ ನಿಂತು, ನಿನ್ನೆ ಎಳೆದ ಗೀಟನ್ನು ಅಂಗಿಯ ತೋಳಿನಿಂದ ಒರೆಸಿದರು. ಕೊಳವೆ ಬಿಸಿಯಾಗಿತ್ತು, ತೋಳು ಕರಕಾಯಿತು.

"ಟೀಚರಮ್ಮ, ನಂಗೆ ಕಿವಿ ಕೇಳ್ಸಲ್ಲ. ನಿನ್ನೆ ಸರಿಯಿದೆ ಅಂದಿದ್ದು ಸುಳ್ಳು."

ಬೆಂಕಿ ಆರಿ ಕಬ್ಬಿಣ ತಾನಾಗಿ ತಣಿಯುವವರೆಗೆ ಕಾದು ಹಿಂದಿನ ಪ್ಲೇಟು ಬಿಚ್ಚಿದರು. ಅದು ಅವರ ಕೈಯಲ್ಲೇ ಎರಡು ಹೋಳಾಯಿತು. ಟೀಚರಮ್ಮ ಅಲ್ಲೇ ಒಂದು ಪುಟ್ಟ ಹಾಸಿಗೆಯ ಮೇಲೆ ಕೂತುಬಿಟ್ಟರು. ಶಿಶುವಿಹಾರದ ಆಯಾ ಅಳುತ್ತ ಒಪ್ಪಿಕೊಂಡಳು: ಹೋದ ಚಳಿಗಾಲದಲ್ಲಿ ಒಂದು ಸಂಜೆ ಬೇಗ ಮನೆಗೆ ಹೋಗಬೇಕಿತ್ತಂತೆ, ಕೆಂಡದ ಮೇಲೆ ಒಂದು ಬಕೆಟ್ ನೀರು ಸುರಿದಿದ್ದಳಂತೆ. ಟೀಚರಮ್ಮ ಅವಳಿಗೆ ಮಂಗಳಾರತಿ ಎತ್ತಿದರು. ಇಂಥದ್ದಕ್ಕೆ ಮೊದಲು ಬಾಯಿ ಹಾಕುವವಳು ನಾನು. ಆವತ್ತು ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನನ್ನ ಅಂಗೈಯನ್ನೇ ನೋಡುತ್ತ ನಿಂತಿದ್ದೆ.

ಆಮೇಲೆ ಒಂಬತ್ತು ದಿನ ಮನೆಮನೆ ತಿರುಗಿದೆವು. ಹೊಸ್ತಿಲಲ್ಲಿ ನಿಂತು ಮೊದಲು ಅವರು ತಮಗೆ ಕಿವಿ ಇಲ್ಲವೆಂದು ಹೇಳುತ್ತಿದ್ದರು, ಪಾಠ ಒಪ್ಪಿಸುತ್ತಿದ್ದ ಅದೇ ದನಿಯಲ್ಲಿ. ಆಮೇಲೆ ಅವರು ತಟ್ಟುವುದು, ನಾನು ಕಿವಿಗೊಡುವುದು. ನನ್ನ ತಲೆ ಮೇಲೆ ಕೆಳಗೆ ಆಡಿದರೆ ಗೀಟು, ಅಡ್ಡ ಆಡಿದರೆ ಬಿಚ್ಚುವುದು. ಐದು ಒಲೆ ಒಡೆದಿದ್ದವು. ದರ್ಜಿ ನಮ್ಮಿಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿ ಕೊಲೆಗಡುಕರು ಎಂದ. ಅವನ ಹೆಂಡತಿ ಬಾಣಂತಿ, ಕೂಸಿಗೆ ಇಪ್ಪತ್ತು ದಿನ. ಅವನು ಬೈದು ಮುಗಿಸುವವರೆಗೆ ನಿಂತು, ಆಮೇಲೆ ಒಳಗೆ ಹೋಗಿ ತಟ್ಟಿದೆವು. ಅವನ ಒಲೆ ಸರಿಯಿತ್ತು. ನಮ್ಮನೆಯವರು ಹೊರಗೆ ಬಂದು ಗೋಡೆ ಹಿಡಿದು ನಿಂತು ಅತ್ತರು.

ಈ ಒಂಬತ್ತು ದಿನವೂ ನಮ್ಮನೆಯ ಒಲೆ ಹಚ್ಚಲಿಲ್ಲ. ನಮ್ಮದನ್ನು ಕೊನೆಗೆ ನೋಡೋಣ, ಊರಿನದ್ದು ಮೊದಲು ಮುಗಿಯಲಿ ಎಂದೆ. ಎಷ್ಟು ದೊಡ್ಡ ಮನಸ್ಸು ನಿನ್ನದು ಎಂದರು ಅವರು. ಇನ್ನೊಂದನ್ನೂ ನೋಡುತ್ತಿದ್ದೆ. ಅತ್ತೆ ಚಳಿಯಲ್ಲಿ ಗಡಗಡ ನಡುಗುತ್ತಿದ್ದರು, ಆದರೆ ತಲೆಸುತ್ತು ನಿಂತಿತ್ತು. ವಾಕರಿಕೆ ಇಲ್ಲ. ಎರಡು ತುತ್ತು ಹೆಚ್ಚಿಗೆ ಕೇಳಿ ತಿನ್ನುತ್ತಿದ್ದರು. ನಾನು ಕಣ್ಣು ತಪ್ಪಿಸಿ ಬಡಿಸುತ್ತಿದ್ದೆ.

ಹತ್ತನೆಯ ದಿನ ಬೆಳಗ್ಗೆ ತಪ್ಪಿಸಿಕೊಳ್ಳಲು ಬೇರೆ ಮನೆ ಉಳಿದಿರಲಿಲ್ಲ. ಅತ್ತೆ ಮಂಚದ ಮೇಲೆ ಕಂಬಳಿ ಹೊದ್ದು ಕೂತಿದ್ದರು. ನಮ್ಮನೆಯವರು ಒಲೆಯ ಹಿಂದೆ ಬಗ್ಗಿದರು. ಎಡಗಡೆ, ಟಣ್. ಬಲಗಡೆ, ಟಣ್. ಮೇಲೆ, ಟಣ್. ಹಿಂದಿನದು, ಡಬ್.

ಅವರು ತಲೆ ಎತ್ತಿ ನನ್ನನ್ನು ನೋಡಿದರು. ತಲೆ ಅಡ್ಡ ಆಡಿಸಿದೆ. ಅವರ ಕಣ್ಣು ಒಲೆಯಿಂದ ಅಮ್ಮನ ಮಂಚಕ್ಕೆ ಹೋಯಿತು, ಅಲ್ಲೇ ನಿಂತಿತು. "ನಾನೇ... ಮೂರು ವರ್ಷ ಅಮ್ಮನ್ನ..." ಎಂದರು. ಇನ್ನು ಸುಮ್ಮನಿದ್ದರೆ ನಾನು ಮನುಷ್ಯಳೇ ಅಲ್ಲ. ನೆಲ ನೋಡುತ್ತ, ನಾನೇ ನೀರು ಚೆಲ್ಲಿದ್ದು ಎಂದೆ.

"ಏನಂದೆ? ಮುಖ ಎತ್ತಿ ಹೇಳು."

ಒಂದು ಸಲ ಹೇಳುವುದಕ್ಕೇ ಮೂರು ವರ್ಷ ಹಿಡಿದಿತ್ತು. ಎರಡನೆಯ ಸಲ, ಅದೂ ಕೂಗಿ ಹೇಳಬೇಕಾಯಿತು. "ಕಾದ ಪ್ಲೇಟಿನ ಮೇಲೆ ನಾನೇ ತಣ್ಣೀರು ಚೆಲ್ಲಿದ್ದು. ಹೆದರ್ಕೊಂಡು ಮುಚ್ಚಿಟ್ಟೆ."

"ಯಾಕೆ ಹಾಗೆ ಕಿರುಚ್ತೀಯ," ಎಂದರು ಅತ್ತೆ ಮಂಚದಿಂದ. "ನಂಗೆ ಅವತ್ತೇ ಗೊತ್ತು. ಚಟ್ ಅಂದಿದ್ದು ಇಲ್ಲಿಗೇ ಕೇಳಿಸ್ತು. ಮಾರನೇ ದಿನ ಇವನು ತಟ್ಟಿದ್ದೂ ಕೇಳಿಸ್ತು. ಒಲೆ ತಟ್ಟುವವನ ಜೊತೆ ನಲವತ್ತು ವರ್ಷ ಬಾಳಿದ್ದೀನಿ, ಒಡೆದ ಸದ್ದು ನಂಗೆ ಗೊತ್ತಾಗಲ್ವಾ?"

ಗೊತ್ತಿದ್ದೂ ಯಾಕೆ ಹೇಳಲಿಲ್ಲ, ಗೊತ್ತಿದ್ದೂ ಇಲ್ಲೇ ಯಾಕೆ ಮಲಗಿದಿರಿ ಎಂದು ಹೇಗೋ ಕೇಳಿದೆ.

ಅತ್ತೆ ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಇವನ ಕಿವಿ ಹೋಗಿದೆ ಅಂತ ನಂಗೇನು ಗೊತ್ತು? ಬೇಕಂತ್ಲೇ ಸರಿಯಿದೆ ಅಂದ ಅಂದ್ಕೊಂಡೆ. ನಿನ್ನನ್ನ ನನ್ನ ಮುಂದೆ ಬಿಟ್ಟುಕೊಡಬಾರ್ದು ಅಂತ. ಹೆಂಡ್ತಿ ಮರ್ಯಾದೆ ಕಾಯೋ ಮಗನ್ನ ನಾನೇ ಹೆತ್ತಿರೋದು, ನಾನ್ಯಾಕೆ ನಡುವೆ ಬಾಯಿ ಹಾಕ್ಲಿ? ಇವತ್ತು ಬದಲಾಯಿಸ್ತಾನೆ, ನಾಳೆ ಬದಲಾಯಿಸ್ತಾನೆ ಅಂತ ಕಾದೆ. ಅಲ್ಲೀತನಕ ಇರಲಿ ಅಂತ ಕಿಟಕಿ ಒಂದು ಬೆರಳು ತೆಗೆದಿಟ್ಕೋತಿದ್ದೆ. ನೀನು ಬಂದು ಹಾಕ್ತಿದ್ದೆ."

ನಾನು ಕಿಟಕಿಯ ಕಡೆ ನೋಡಿದೆ. ಚಿಲಕದ ಹತ್ತಿರ ಬಣ್ಣ ಸವೆದು ಮರ ಕಾಣುತ್ತಿತ್ತು, ಮೂರು ಚಳಿಗಾಲ ಅವರು ತೆರೆದು ನಾನು ಹಾಕಿ. ಎಷ್ಟೋ ದಿನ ಅವರು ನಿದ್ದೆ ಹೋಗಲೆಂದು ಬಾಗಿಲ ಮರೆಯಲ್ಲಿ ಕಾದು ನಿಂತು ಹಾಕಿದ್ದೇನೆ.

ಅತ್ತೆ ಮಾತಾಡಿದ್ದು ನನ್ನ ಕಡೆ ತಿರುಗಿದ್ದ ಮಗನ ಬೆನ್ನ ಹಿಂದಿನಿಂದ. ನಮ್ಮನೆಯವರಿಗೆ ಒಂದಕ್ಷರವೂ ಸಿಕ್ಕಿರಲಿಲ್ಲ. ಸುತ್ತಿಗೆ ಹಿಡಿದುಕೊಂಡೇ ನನ್ನ ಬಾಯಿಯನ್ನು ನೋಡುತ್ತಿದ್ದರು.

"ಅಮ್ಮ ಏನಂದ್ರು?" ಎಂದು ಕೇಳಿದರು.

ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದೆ. ವಾಪಸು ಬಂದು ಅವರ ಎದುರಿಗೆ, ಮುಖಕ್ಕೆ ಮುಖ ಕೊಟ್ಟು ಕೂತು, ಅತ್ತೆ ಹೇಳಿದ ಒಂದೊಂದು ಮಾತನ್ನೂ ಬಿಡದೆ ಗಟ್ಟಿಯಾಗಿ ಹೇಳಿದೆ. ಕಿಟಕಿಯನ್ನು ನಾನು ಹಾಕುತ್ತಿದ್ದೆ ಎನ್ನುವುದನ್ನು ಅವರು ಎರಡು ಸಲ ಹೇಳಿಸಿದರು.